ತಿರುವಿನಲ್ಲಿ ನಿಲ್ಲಿಸಿದ ಹಾಡು

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇಪ್ಪತ್ತೆರಡನೇ ವಯಸ್ಸಿಗೆ ಮೂಡಿಗೆರೆಯಿಂದ ಜಾವಳಿ ಕಡೆಗೆ ಓಡುವ ಸರ್ವಿಸ್ ಜೀಪಿನ ಸ್ಟೀರಿಂಗ್ ನನ್ನ ಕೈಯಲ್ಲಿತ್ತು. ತೊಂಬತ್ತರ ದಶಕದ ನಡುವಿನ ಮಾತು. ಕೆಸರಿನ ಏರಿನಲ್ಲಿ ಬೇರೆ ಜೀಪುಗಳು ಕೂತುಬಿಡುತ್ತಿದ್ದವು, ನನ್ನದು ಕೂರುತ್ತಿರಲಿಲ್ಲ. ಆರು ಗಂಟೆಗೆ ಹೊರಡುತ್ತೇನೆಂದರೆ ಆರಕ್ಕೇ ಹೊರಡುತ್ತಿದ್ದೆ. ಆ ದಾರಿಯ ಜನರನ್ನು ಈಗಲೂ ಕೇಳಬಹುದು.

ಜೀಪಿನ ಟೇಪನ್ನು ನಾನೇ ಕೂರಿಸಿದ್ದೆ. ವೈರುಗಳನ್ನು ನಾನೇ ಬೆಸೆದಿದ್ದೆ, ಹಿಂದಿನ ಸೀಟಿನ ತಲೆಯ ಮೇಲೆ ಎರಡು ಸ್ಪೀಕರ್ ಕಟ್ಟಿದ್ದೆ. ಅದು ಒಂದು ದಿನವೂ ಕೆಟ್ಟಿರಲಿಲ್ಲ. ಆಗ ಹಾಡಿಲ್ಲದ ಜೀಪು ಬಂದರೆ ಜನ ಹತ್ತದೆ ಮುಂದಿನದಕ್ಕೆ ಕಾಯುತ್ತಿದ್ದರು. ಕಾಫಿ ಹಣ್ಣು ಕುಯ್ಯುವ ಹೆಂಗಸರು, ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು, ಕಾಲೇಜಿನ ಮಕ್ಕಳು, ಎಲ್ಲರಿಗೂ ಹಾಡು ಬೇಕು.

ಹಾಡು ನಿಲ್ಲಿಸುತ್ತಿದ್ದುದು ಒಂದೇ ಕಡೆ, ಸಾವಾದ ಮನೆಯ ಮುಂದೆ. ಆ ಮನೆಗಿಂತ ಮುಂಚಿನ ತಿರುವಿನಲ್ಲಿ ಟೇಪ್ ಬಂದ್ ಮಾಡಿ, ಮನೆ ದಾಟಿದ ಮೇಲಿನ ತಿರುವಿನಲ್ಲಿ ಮತ್ತೆ ಹಾಕಬೇಕು. ಕರ್ಮಾಂತರ ಮುಗಿಯುವವರೆಗೆ ದಿನವೂ ಹೀಗೆಯೇ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ತಪ್ಪಿಸಿದ ಡ್ರೈವರೂ ಇರಲಿಲ್ಲ. ಹಾಗಾಗಿ ನಮ್ಮ ದಾರಿಯಲ್ಲಿ ಸಾವಿನ ಸುದ್ದಿ ಮೊದಲು ಗೊತ್ತಾಗುತ್ತಿದ್ದುದು ಜೀಪಿನಿಂದಲೇ. ಹಾಡು ನಿಂತ ಕೂಡಲೇ ಒಳಗಿನಿಂದ ಯಾರಾದರೊಬ್ಬರು ‘ಯಾರು?’ ಎಂದು ಕೇಳುತ್ತಿದ್ದರು.

ದಿನಕ್ಕೆ ಎಂಟು ಗಂಟೆ ಕಿವಿಗೆ ಪ್ರೇಮದ ಹಾಡು ಬೀಳುತ್ತಿತ್ತು. ನಾನು ಓದಿದ್ದು ಏಳು ವರ್ಷ, ಅದರಲ್ಲಿ ನೆನಪಿದ್ದುದು ಸ್ವಲ್ಪ. ಹಾಡು ಕಲಿಸಿದ್ದು ಮಾತ್ರ ಪೂರ್ತಿ ತಲೆಯಲ್ಲಿ ನಿಂತಿತ್ತು. ನಿಜವಾದ ಪ್ರೀತಿ ಬಾಯಿ ಬಿಟ್ಟು ಹೇಳುವುದಿಲ್ಲ, ಹುಡುಗಿಗೆ ತಾನಾಗಿ ತಿಳಿಯುತ್ತದೆ, ತಿಳಿಯದಿದ್ದರೆ ಅದು ಅವಳ ತಪ್ಪು. ಇನ್ನೊಂದು, ಗಂಡಸಿನ ದುಃಖವನ್ನು ಊರೆಲ್ಲ ನೋಡಬೇಕು. ಹಾಡಿನ ನಾಯಕ ಯಾವತ್ತೂ ಕೆಲಸಕ್ಕೆ ಹೋಗುತ್ತಿರಲಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ. ನಾನು ಒಂದು ದಿನವೂ ರಜೆ ಹಾಕದೆ ಆ ಹಾಡುಗಳನ್ನು ನಂಬಿದೆ.

ಜಾವಳಿ ದಾಟಿ ಎರಡನೇ ತಿರುವು ಮುಗಿದಲ್ಲಿ ಒಂದು ಮನೆಯಿತ್ತು. ರಸ್ತೆಯಿಂದ ಕೆಳಗೆ, ಕಾಫಿ ಗಿಡಗಳ ಮರೆಯಲ್ಲಿ. ಮೇಲಿನಿಂದ ಕಾಣುತ್ತಿದ್ದುದು ಬಿದಿರಿನ ಅಡ್ಡಗಳ ತಡಮೆ ಗೇಟು ಮಾತ್ರ. ಮೂರೆಕರೆ ತೋಟ, ಸ್ವಲ್ಪ ಗದ್ದೆ, ಅಪ್ಪ, ಅಮ್ಮ, ಒಬ್ಬಳು ಅಜ್ಜಿ. ಆ ಮನೆಯ ಮಗಳು ಎರಡು ವರ್ಷ ಬೆಳಗಿನ ಎಂಟರ ಟ್ರಿಪ್ಪಿನಲ್ಲಿ ಮೂಡಿಗೆರೆಯ ಕಾಲೇಜಿಗೆ ಹೋದಳು. ಅವಳಿಗಾಗಿ ನಾನು ಕ್ಯಾಸೆಟ್ ಆರಿಸುತ್ತಿದ್ದೆ. ಅವಳು ಹತ್ತುವ ಹೊತ್ತಿಗೆ ಸರಿಯಾದ ಹಾಡು ಬರುವಂತೆ ಹಿಂದಿನ ಟ್ರಿಪ್ಪಿನಲ್ಲೇ ಸುತ್ತಿಡುತ್ತಿದ್ದೆ. ಕನ್ನಡಿಯಲ್ಲಿ ಅವಳು ನಕ್ಕದ್ದು ಕಂಡರೆ ಹಾಡಿಗೇ ನಕ್ಕಳು ಎಂದು ತಿಳಿಯುತ್ತಿದ್ದೆ. ಪಕ್ಕದಲ್ಲಿ ಕೂತ ಗೆಳತಿ ಏನೋ ಹೇಳಿರಬಹುದು ಎಂಬ ಯೋಚನೆಯೇ ಬರಲಿಲ್ಲ. ಎರಡು ವರ್ಷದಲ್ಲಿ ನಾನು ಅವಳ ಹತ್ತಿರ ಒಂದು ಮಾತೂ ಆಡಲಿಲ್ಲ.

ಕಾಲೇಜು ಮುಗಿದ ಬೇಸಗೆಯಲ್ಲಿ ಅವಳಿಗೆ ವಸ್ತಾರೆ ಕಡೆಯ ಗಂಡು ಗೊತ್ತಾಯಿತು. ಕುಯ್ಲಿನ ಹೆಂಗಸರು ಹಿಂದಿನ ಸೀಟಿನಲ್ಲಿ ಮಾತಾಡಿಕೊಂಡಿದ್ದು ನನ್ನ ಕಿವಿಗೆ ಬಿತ್ತು. ಮದುವೆಗೆ ಇನ್ನು ಎರಡು ವಾರ. ಮರುದಿನ ಬೆಳಿಗ್ಗೆ ಅವಳ ಮನೆಯ ತಿರುವು ಬಂದಾಗ ನಾನು ಟೇಪ್ ಬಂದ್ ಮಾಡಿದೆ. ಸತ್ತದ್ದು ನನ್ನ ಪ್ರೀತಿ, ಅದಕ್ಕೆ ಮರ್ಯಾದೆ ಕೊಡುತ್ತಿದ್ದೇನೆ ಎಂದುಕೊಂಡೆ. ಈಗ ಬರೆಯುವಾಗ ಇದು ನಗೆಗೇಡು. ಆಗ ಹಾಗಿರಲಿಲ್ಲ.

“ಅಯ್ಯೋ, ಅಜ್ಜಿ ಹೋಯ್ತಾ?” ಹಿಂದಿನಿಂದ ಒಬ್ಬ ಹೆಂಗಸು ಕೇಳಿದಳು.

ನಾನು ಹಾಡಿನ ನಾಯಕನ ಹಾಗೆ ಎದುರಿನ ರಸ್ತೆ ನೋಡುತ್ತಿದ್ದೆ.

“ಪಾಪ, ಮದುವೆ ಹೊತ್ತಲ್ಲಿ,” ಎಂದಳು ಇನ್ನೊಬ್ಬಳು.

‘ಅಲ್ಲ’ ಎಂಬ ಒಂದು ಮಾತು ಸಾಕಿತ್ತು. ಆಡಿದರೆ ಕಾರಣ ಹೇಳಬೇಕಿತ್ತು, ನನ್ನ ದುಃಖ ಹಗುರಾಗುತ್ತಿತ್ತು. ಮರುದಿನವೂ ಅಲ್ಲಿ ಹಾಡು ನಿಲ್ಲಿಸಿದೆ. ಆ ವಾರ ಕೊಂಬೆ ಬಿದ್ದು ಜಾವಳಿಯ ಫೋನ್ ಲೈನು ಸತ್ತಿತ್ತು, ಕೇಳಿ ಖಚಿತ ಮಾಡಿಕೊಳ್ಳಲು ದಾರಿಯಿರಲಿಲ್ಲ. ಸುದ್ದಿ ಜೀಪಿನಿಂದ ಇಳಿದು, ಮೂಡಿಗೆರೆ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ, ವಸ್ತಾರೆ ಮುಟ್ಟಿತು.

ಎರಡನೇ ದಿನವೇ ಹತ್ತು ಗಂಟೆಯ ಟ್ರಿಪ್ಪಿನಲ್ಲಿ ಹುಡುಗಿಯ ಅಪ್ಪ ರಸ್ತೆಗೆ ಅಡ್ಡ ನಿಂತು ಜೀಪು ನಿಲ್ಲಿಸಿದರು. “ಕೆಳಗೆ ಬಾ,” ಎಂದರು, ಅಷ್ಟೇ. ಗೇಟಿನ ಪಕ್ಕ ವಸ್ತಾರೆಯ ವ್ಯಾನು ನಿಂತಿತ್ತು.

ಅಂಗಳದಲ್ಲಿ ಗಂಡಿನ ಕಡೆಯ ಐದು ಜನ. ಬೆಂಚಿನ ಮೇಲೆ ಹೆಣಕ್ಕೆಂದು ತಂದ ಸೇವಂತಿಗೆ ಹಾರ. ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತು ಮೆಣಸು ಕೇರುತ್ತಿದ್ದಳು. ಗಂಡಿನ ಸೋದರಮಾವ ಕಪ್ಪಿಟ್ಟ ಮುಖದಲ್ಲಿ ಹೇಳುತ್ತಿದ್ದರು.

“ಮದುವೆ ಮನೆಗೆ ಹೆಣದ ಹಾರ ತಂದ ಹಾಗಾಯ್ತಲ್ಲ ಮಾರಾಯ್ರೆ. ಶಕುನ ಸರಿಯಿಲ್ಲ. ಒಂದ್ ವರ್ಷ ಮುಂದೆ ಹಾಕುವ. ಆಮೇಲೆ ನೋಡುವ.”

‘ಆಮೇಲೆ ನೋಡುವ’ ಎಂದರೆ ಸಂಬಂಧ ಮುರಿಯಿತು ಎಂದರ್ಥ. ಅಂಗಳದಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ನಂತರ ಸೋದರಮಾವ ನನ್ನ ಕಡೆ ತಿರುಗಿದರು.

“ಎಂತಕ್ಕೋ ಇಲ್ಲಿ ಹಾಡು ನಿಲ್ಸಿದ್ದು? ಈ ಮನೆ ಮೇಲೆ ನಿಂಗೆ ಎಂತ ಇದೆ?”

ಅವಳು ಬಾಗಿಲಲ್ಲಿ ನಿಂತಿದ್ದಳು. ಎರಡು ವರ್ಷದಿಂದ ಸ್ಟೀರಿಂಗ್ ಹಿಡಿದು ನಾನು ಮನಸ್ಸಿನಲ್ಲೇ ನಡೆಸಿಕೊಂಡು ಬಂದಿದ್ದ ದೃಶ್ಯ ಇದೇ. ಎಲ್ಲರೆದುರು ಕೇಳುತ್ತಾರೆ, ನಾನು ಹೇಳುತ್ತೇನೆ, ಅವಳು ಓಡಿಬರುತ್ತಾಳೆ. ತಲೆಯೆತ್ತಿ ನೋಡಿದರೆ ಅವಳ ಮುಖದಲ್ಲಿ ಇದ್ದುದು ಹೆದರಿಕೆ. ಅದು ನನ್ನ ಬಾಯಿಯಿಂದ ಏನು ಬರುತ್ತದೋ ಎಂಬ ಹೆದರಿಕೆ. ಅವಳಿಗೆ ಈ ಮದುವೆ ಬೇಕಿತ್ತು. ಯಾವ ಹಾಡಿನಲ್ಲೂ ಅಂಥ ಮುಖದ ಮಾತು ನಾನು ಕೇಳಿರಲಿಲ್ಲ.

“ಟೇಪಿನ ವೈರು ಲೂಸು,” ಎಂದೆ. “ನಿಮ್ಮ ತಿರುವಿನ ಗುಂಡೀಲಿ ಜೀಪು ಕುಣಿದ್ರೆ ಬಂದಾಗ್ತದೆ. ಆಚೆ ತಿರುವಲ್ಲಿ ಮತ್ತೆ ಕುಣಿದ್ರೆ ಶುರುವಾಗ್ತದೆ.”

“ಮತ್ತೆ ಕೇಳಿದವ್ರಿಗೆ ಹೇಳೋಕೆ ಬಾಯಿ ಇರ್ಲಿಲ್ವಾ?”

“ಟೇಪ್ ಕೆಟ್ಟಿದೆ ಅಂತ ಹೇಳೋಕೆ ನಾಚಿಕೆ ಆಯ್ತು.”

ಇದನ್ನು ಅವರು ನಂಬಿದರು. ನನ್ನ ಜಂಬ ಆ ದಾರಿಯಲ್ಲಿ ಅಷ್ಟು ಪ್ರಸಿದ್ಧವಾಗಿತ್ತು. “ಊರಿಗೆಲ್ಲ ದೊಡ್ಡ ಮಾತು, ಒಂದು ವೈರ್ ಕಟ್ಟೋಕೆ ಬರಲ್ಲ,” ಎಂದರು ಸೋದರಮಾವ. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ನನಗೆ ಅದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ.

ಅಜ್ಜಿ ಮೊರ ಕೆಳಗಿಟ್ಟು ನಗತೊಡಗಿದಳು. “ನನ್ನ ಜೀವ ಇವನ ವೈರಲ್ಲಿತ್ತಾ ಮಾರಾಯ! ಆ ಹಾರ ಕೊಡಿ ಇಲ್ಲಿ. ಸತ್ಮೇಲೆ ಹಾಕಿದ್ರೆ ನಂಗೆ ಕಾಣ್ತದಾ?” ಹಾರವನ್ನು ಎಳೆದು ತಾನೇ ಕೊರಳಿಗೆ ಹಾಕಿಕೊಂಡಳು. “ಈಗ ಎಂತ ಶಕುನ? ಅಜ್ಜಿಗೆ ಹಾರ ಹಾಕಿ ಮರ್ಯಾದೆ ಮಾಡಿದ್ರು ಅಂತ ಹೇಳಿ. ಕಾಫಿ ಕುಡೀರಿ. ನೀನು ಆ ಗುಂಡಿ ಮುಚ್ಚೋ, ದಿಬ್ಬಣ ಅಲ್ಲೇ ಬರ್ಬೇಕು.”

ಮೊದಲು ಸೋದರಮಾವನ ಜೊತೆಗಿದ್ದವರು ನಕ್ಕರು, ಕೊನೆಗೆ ಅವರೂ ನಕ್ಕರು. ಕಾಫಿ ಬಂತು. ಮದುವೆ ನಿಂತಿತು ಎಂಬ ಮಾತು ಅಲ್ಲಿಗೆ ಮುಗಿಯಿತು.

ಮರುದಿನ ಎರಡು ಟ್ರಿಪ್ ಬಿಟ್ಟು ಗುಂಡಿ ಮುಚ್ಚಿದೆ. ತಿರುವಿನಲ್ಲಿ ಗುಂಡಿ ಇದ್ದದ್ದು ನಿಜ, ಆದರೆ ಎಮ್ಮೆಯ ಗೊರಸಿನಷ್ಟು. ಸುಳ್ಳಿಗೆ ತಕ್ಕ ಹಾಗೆ ಅದನ್ನು ಅಗಲಿಸಿ, ಜಲ್ಲಿ ತುಂಬಿ, ಮಣ್ಣು ಹಾಕಿ ದಿಮ್ಮಿಯಿಂದ ಕುಟ್ಟಿದೆ. ದಾಟಿಹೋಗುವ ಜೀಪುಗಳು ಹಾರನ್ ಹೊಡೆದು ಗೇಲಿ ಮಾಡುತ್ತಿದ್ದವು. “ವೈರ್ ಸಿಕ್ತಾ?”

ಅವಳು ಗೇಟಿನವರೆಗೆ ನೀರಿನ ಚೊಂಬು ತಂದಳು. ಎರಡು ವರ್ಷದಲ್ಲಿ ಅದೇ ಮೊದಲ ಮಾತು.

“ಮೊದ್ಲಿದ್ದ ಅಷ್ಟ್ ಚಿಕ್ಕ ಗುಂಡಿಗೆ ಹಾಡು ನಿಲ್ತದಾ?”

“ನಿಲ್ತದೆ.”

ಅವಳು ಗೇಟಿನ ಮೇಲೆ ಕೈಯಿಟ್ಟಳು. “ಬೆಳಿಗ್ಗೆ ಅಷ್ಟ್ ಒಳ್ಳೊಳ್ಳೆ ಹಾಡು ಹಾಕ್ತಿದ್ರಿ. ನಾನು ಎಲ್ರಿಗೂ ಹಾಕ್ತಾರೆ ಅಂದ್ಕೊಂಡಿದ್ದೆ.”

“ಎಲ್ರಿಗೂ ಹಾಕಿದ್ದೇ,” ಎಂದೆ.

ಚೊಂಬು ವಾಪಸ್ ಕೊಟ್ಟು ಕುಟ್ಟುವುದನ್ನು ಮುಂದುವರಿಸಿದೆ. ದಿಬ್ಬಣ ಆ ತಿರುವಿನಲ್ಲಿ ಅಲುಗಾಡದೆ ಹೋಯಿತು.

ಹಾಡು ನನ್ನನ್ನು ಕೆಡಿಸಿತು ಎಂದು ನಾನು ಹೇಳುವುದಿಲ್ಲ. ಟೇಪ್ ತೆಗೆದು ಎಸೆಯಲೂ ಇಲ್ಲ. ಆಮೇಲೂ ಅದೇ ಹಾಡು ಹಾಕಿದೆ, ಬಹಳ ಹಾಡುಗಳು ಚೆನ್ನಾಗಿಯೇ ಇದ್ದವು. ಹೇಳಬೇಕಾದ್ದನ್ನು ನನ್ನ ಬದಲಿಗೆ ಅವು ಹೇಳುತ್ತವೆ ಎಂದು ನಂಬುವುದನ್ನು ಮಾತ್ರ ಬಿಟ್ಟೆ. ನನ್ನ ಹೆಂಡತಿಯಾಗುವವಳನ್ನು ನೋಡಲು ಹೋದಾಗ ನೇರವಾಗಿ ಕೇಳಿದೆ, ಅವಳೂ ನೇರವಾಗಿ ಹೇಳಿದಳು.

ಎರಡು ಸಾವಿರ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿತ್ತು. ಟೇಪ್ ಹೋಗಿ ಸೀಡಿ ಬಂದಿತ್ತು, ಜೀಪು ನನ್ನ ಸ್ವಂತದ್ದಾಗಿತ್ತು. ಒಂದು ಬೆಳಿಗ್ಗೆ ಆ ಎರಡನೇ ತಿರುವಿನಲ್ಲಿ ನಾನು ಹಾಡು ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಹಳೆಯ ಕುಯ್ಲಿನ ಹೆಂಗಸರು ಇಬ್ಬರಿದ್ದರು. ಒಬ್ಬಳು ಮುಂದೆ ಬಗ್ಗಿ, ನಗುವುದೋ ಬಿಡುವುದೋ ತಿಳಿಯದೆ ಕೇಳಿದಳು.

“ವೈರನಾ, ಅಜ್ಜಿನಾ?”

ನಾನು ಜೀಪು ನಿಧಾನ ಮಾಡಿ, ಎಲ್ಲರಿಗೂ ಕೇಳುವಂತೆ ಹೇಳಿದೆ.

“ಅಜ್ಜಿ. ಬೆಳಗಿನ ಜಾವ ಹೋಯ್ತು.”