ಮುರಿಯುತ್ತ ಹೋಗುವ ಗೆರೆ

ಗಂಡ ಸತ್ತ ಮೇಲೆ ಕಸೂತಿ ಅಂಗಡಿಯಲ್ಲಿ ಉಳಿದದ್ದು ಒಂದು ದೊಡ್ಡ ಯಂತ್ರ, ಒಂದು ಕಂಪ್ಯೂಟರು, ಮತ್ತು ಅವಳು. ದಾರ ಪೋಣಿಸುವುದು, ಬಟ್ಟೆಯನ್ನು ಚೌಕಟ್ಟಿಗೆ ಬಿಗಿಯುವುದು, ಹೊಲಿದಾದ ಮೇಲೆ ಎಳೆ ಕತ್ತರಿಸುವುದು ಅವಳ ಕೆಲಸವಾಗಿತ್ತು. ಡಿಸೈನು ಅವನದು. ಅವನು ಹೋದ, ಡಿಸೈನೂ ನಿಂತಿತು. ಹಳೆಯದನ್ನೇ ಎಷ್ಟು ಸಲ ತೋರಿಸ್ತೀರಿ ಎಂದು ಗಿರಾಕಿಗಳು ಮುಖ ತಿರುಗಿಸಿದರು.

ಮೈದುನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಯಂತ್ರ ಕೊಳ್ಳಲು ಒಬ್ಬ ಟೈಲರನನ್ನು ಅವನೇ ಗೊತ್ತು ಮಾಡಿದ.

"ಭಾನುವಾರ ಬರ್ತಾರಂತೆ. ಕೊಟ್ಟುಬಿಡಿ ಅತ್ತಿಗೆ."

"ಕೊಟ್ಟು ನಾನೇನು ಮಾಡ್ಲಿ? ಗೋಡೆ ನೋಡ್ಕೊಂಡು ಕೂತಿರ್ಲಾ?"

"ಡಿಸೈನ್ ಯಾರು ಮಾಡ್ತಾರೆ ಮತ್ತೆ?"

"ನೀನು ಕಲಿಸು, ನಾನು ಮಾಡ್ತೀನಿ."

ಅವನು ನಕ್ಕ. ಅದಕ್ಕೆ ಅವಳಿಗೆ ಉರಿಯಿತು. ಭಾನುವಾರದೊಳಗೆ ಒಂದು ಹೊಸ ಅಂಚು ತಾನೇ ಹೊಲಿದು ತೋರಿಸದಿದ್ದರೆ ಯಂತ್ರ ಟೈಲರನದು ಎಂದು ಹೇಳಿಯೇಬಿಟ್ಟಳು.

ಗಂಡನ ಕುರ್ಚಿಯ ಮೆತ್ತೆ ಅವನು ಕೂತು ಕೂತು ತಗ್ಗಿತ್ತು. ಅದರಲ್ಲಿ ಕೂರಲು ಅವಳಿಗೆ ಆಗಲಿಲ್ಲ, ಸ್ಟೂಲು ಎಳೆದುಕೊಂಡಳು. ಮೈದುನ ಧೊಪ್ಪನೆ ಆ ಕುರ್ಚಿಯಲ್ಲೇ ಕೂತ.

ಚಿತ್ರ ಬರೆಯಲು ಅವಳಿಗೆ ಕೈ ಓಡುವುದಿಲ್ಲ. ಬರೆಯುವುದೇ ಬೇಡ, ಪ್ರೋಗ್ರಾಂ ಬರೆಯುತ್ತೆ ಎಂದ ಅವನು.

"ಒಂದು ಗೆರೆ ತಗೊಳ್ಳಿ. ಸಮವಾಗಿ ಮೂರು ಪಾಲು ಮಾಡಿ. ನಡುವಿನ ಪಾಲು ತೆಗೆದು ಅಲ್ಲಿ ಅಷ್ಟೇ ಉದ್ದದ ಎರಡು ಗೆರೆಯಿಂದ ಗುಡಾರ ಎಬ್ಬಿಸಿ. ಈಗ ನಾಲ್ಕು ಗೆರೆ ಆಯ್ತಾ? ಒಂದೊಂದಕ್ಕೂ ಮತ್ತೆ ಅದನ್ನೇ ಮಾಡಿ."

"ಆಮೇಲೆ?"

"ಆಮೇಲೆ ಬಂದಿದ್ದಕ್ಕೂ ಅದನ್ನೇ."

"ಮುಗಿಯೋದು ಯಾವಾಗ?"

"ಮುಗಿಯಲ್ಲ. ಅದಕ್ಕೇ ಅದನ್ನ ಫ್ರ್ಯಾಕ್ಟಲ್ ಅನ್ನೋದು. ಪ್ರೋಗ್ರಾಂ ತನ್ನನ್ನ ತಾನೇ ಕರೀತಾ ಹೋಗುತ್ತೆ."

"ನಾನು ನನ್ನನ್ನೇ ಕರ್ಕೊಂಡ್ರೆ ತಲೆ ಕೆಟ್ಟಿದೆ ಅಂತೀಯ."

ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಕೆಂಪಕ್ಷರದಲ್ಲಿ ಏನೋ ಬಂತು. ಕೊನೆಯ ಸಾಲಲ್ಲಿ ತಪ್ಪಿದೆಯಂತೆ ಎಂದ ಮೈದುನ. ಆ ಸಾಲನ್ನು ಕನ್ನಡಕ ಏರಿಸಿ ಇಳಿಸಿ ನೋಡಿದಳು, ಅಲ್ಲೇನೂ ಇರಲಿಲ್ಲ. ಅದರ ಮೇಲಿನ ಸಾಲಿನಲ್ಲಿ ಒಂದು ಆವರಣ ಚಿಹ್ನೆ ಮುಚ್ಚಿರಲಿಲ್ಲ.

"ಬೈಯೋದಿದ್ರೆ ತಪ್ಪು ಮಾಡಿದವರನ್ನ ಬೈಯಪ್ಪ. ಪಕ್ಕದ ಮನೆಯವರನ್ನ ಯಾಕೆ ಬೈತೀಯ?" ಎಂದು ಕಂಪ್ಯೂಟರಿಗೆ ಹೇಳಿದಳು.

ತಿದ್ದಿ ಓಡಿಸಿದರೆ ಕಂಪ್ಯೂಟರು ಕಲ್ಲಾಯಿತು.

"ಎಲ್ಲಿ ನಿಲ್ಲಬೇಕು ಅಂತ ನೀವು ಹೇಳೇ ಇಲ್ವಲ್ಲ ಅತ್ತಿಗೆ."

"ಅಷ್ಟೂ ಗೊತ್ತಾಗಲ್ವಾ ಅದಕ್ಕೆ?"

"ಹೇಳಿದಷ್ಟೇ ಗೊತ್ತು."

ಮೂರು ಸುತ್ತು ಮುರಿದು ನಿಲ್ಲು ಎಂದು ಬರೆದಳು. ಗೆರೆ ಬಂತು, ಮೊನೆಮೊನೆಯಾಗಿ, ಚೆಂದವಾಗಿ. ಮೈದುನ ಮನೆಗೆ ಹೋದ. ಅವಳು ಸುಮ್ಮನಿರಬೇಕಿತ್ತು. ಮೂರು ಸುತ್ತಿಗೇ ಇಷ್ಟು ಚೆಂದವಾದರೆ ಆರಕ್ಕೆ ಹೇಗಿರಬಹುದು ಎಂದು ಅಂಕಿ ಬದಲಿಸಿದಳು. ಕಿಟಕಿಯ ಗಾಜಿನ ಮೇಲೆ ಹಿಮ ಕಟ್ಟಿದ ಹಾಗೆ ಬಂತು. ಗಂಡ ಹೋದ ಮೇಲೆ ಅವಳು ಹಲ್ಲು ಕಾಣುವಂತೆ ನಕ್ಕದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ಅದನ್ನು ಯಂತ್ರಕ್ಕೆ ಕೊಟ್ಟಳು. ಸೂಜಿ ಮುಂದಕ್ಕೆ ಹೋಗದೆ ಒಂದೇ ಕಡೆ ಕುಟ್ಟತೊಡಗಿತು. ಬಟ್ಟೆಯಡಿ ದಾರ ಗಂಟುಗಂಟಾಯಿತು. ಟಪ್ಪನೆ ಸೂಜಿ ಮುರಿಯಿತು. ಬಟ್ಟೆಯಲ್ಲಿ ಬೆರಳು ತೂರುವಷ್ಟು ತೂತು.

ಫೋನಿನಲ್ಲಿ ಮೈದುನ, "ಕಂಪ್ಯೂಟರಲ್ಲಿ ಸರಿಯಾಗೇ ಕಾಣ್ತಿದೆ ಅಂತೀರಲ್ಲ" ಎಂದ.

"ಕಂಪ್ಯೂಟರಿಗೆ ಸೂಜಿ ಇದ್ಯೇನೋ? ಬಾ ಇಲ್ಲಿ!"

ಗೊಣಗುತ್ತ ಬಂದ. ಗಂಟು ನೋಡಿ ತಲೆ ಕೆರೆದುಕೊಂಡ. ಮುರಿಯುತ್ತ ಮುರಿಯುತ್ತ ಗೆರೆ ಸೂಜಿಯ ದಪ್ಪಕ್ಕಿಂತ ಚಿಕ್ಕದಾಗಿತ್ತು.

"ಸುತ್ತು ಎಣಿಸೋದು ಬಿಡಿ. ಗೆರೆ ಎಷ್ಟು ಚಿಕ್ಕದಾದ್ರೆ ನಿಲ್ಲಬೇಕು ಅಂತ ಬರೆಯಿರಿ. ನೀವೇ ಬರೆಯಿರಿ, ನಾನು ಕೈ ಹಚ್ಚಲ್ಲ."

ಗೆರೆಯ ಮೂರನೇ ಒಂದು ಪಾಲು ಒಂದು ಹೊಲಿಗೆಗಿಂತ ಚಿಕ್ಕದಾಗುವುದಾದರೆ ಮುರಿಯಬೇಡ, ನೇರ ಹೊಲಿ. ಇಷ್ಟು ಬರೆಯುವಷ್ಟರಲ್ಲಿ ಊಟದ ಹೊತ್ತು ಮೀರಿತು. ಓಡಿಸಿದರೆ ಬಂದದ್ದು ಒಂದೇ ಒಂದು ನೇರ ಗೆರೆ. ಚಿಕ್ಕದು ಅನ್ನುವ ಕಡೆ ದೊಡ್ಡದು ಅನ್ನುವ ಗುರುತು ಹಾಕಿದ್ದಳು.

"ಇದಕ್ಕೆ ಇಷ್ಟೆಲ್ಲ ಬೇಕಿತ್ತಾ? ಸ್ಕೇಲ್ ಇಟ್ಟು ಎಳೀತಿದ್ದೆ!" ಎಂದು ಕೀಲಿಮಣೆಗೆ ಒಂದು ಬಿಟ್ಟಳು. ಮೈದುನ ನಗು ತಡೆಯಲು ಕೆಮ್ಮಿದ. ಅವಳು ಗುರುತು ತಿರುಗಿಸಿ ಮತ್ತೆ ಓಡಿಸಿದಳು.

ಭಾನುವಾರ ಟೈಲರು ಹಗ್ಗ, ಟೆಂಪೋ ಸಮೇತ ಬಂದ. ಬಂದವನೇ ಬಾಗಿಲ ಅಗಲ ಅಳೆಯತೊಡಗಿದ. ಒಳಗೆ ಯಂತ್ರ ಓಡುತ್ತಿತ್ತು. ನೀಲಿ ಬಟ್ಟೆಯ ಸುತ್ತ ಬಿಳಿ ಅಂಚು, ಮೊನೆಯ ಮೇಲೆ ಮೊನೆ, ಎಲ್ಲೂ ಗಂಟಿಲ್ಲ. ಟೈಲರು ಟೇಪು ಕೆಳಗಿಟ್ಟು ಬಗ್ಗಿ ನೋಡಿದ.

"ಎಲ್ಲೂ ನೋಡಿಲ್ಲವಲ್ಲ ಇದನ್ನ. ಯಂತ್ರದ ಜೊತೆ ಇದೂ ಬರುತ್ತೇನಮ್ಮ?"

"ಇಲ್ಲ. ಯಂತ್ರವೂ ಬರಲ್ಲ."

"ಅಯ್ಯೋ, ಟೆಂಪೋ ತಂದಿದ್ದೀನಲ್ಲ!"

"ಬಂದ ದಾರಿಯಲ್ಲೇ ತಗೊಂಡು ಹೋಗಿ."

ಟೈಲರು ಮೈದುನನ ಮುಖ ನೋಡಿದ. ಮೈದುನ ಮೇಲೆ ಫ್ಯಾನು ನೋಡಿದ. ಹಗ್ಗ ಸುತ್ತಿಕೊಂಡು ಬೈಯುತ್ತ ಟೈಲರು ಹೊರಟ.

ಯಂತ್ರ ನಿಂತಿತು. ಮೈದುನ ಅಂಚಿನ ಮೇಲೆ ಬೆರಳಾಡಿಸಿದ.

"ಅಣ್ಣ ಇದ್ದಿದ್ರೆ..."

"ಇದ್ದಿದ್ರೆ ನಾನು ಈ ಹಾಳು ಆವರಣ ಎಲ್ಲ ಯಾಕೋ ಕಲೀತಿದ್ದೆ?" ಅವಳ ದನಿ ಒಡೆಯಿತು. ಬಟ್ಟೆಯ ಒಂದು ಮೂಲೆ ಎತ್ತಿ ಅವನ ಮುಂದೆ ಹಿಡಿದಳು. "ಈ ಮೂಲೆಯಲ್ಲಿ ಎರಡು ತುದಿ ಕೂಡಿಲ್ಲ. ಯಾಕೆ ನೋಡು."