ಎಡಗಡೆ ಚಕ್ರದ ಬೋಲ್ಟು

ಬೋಲ್ಟು ಮುರಿದಾಗ ದೊಡ್ಡ ಶಬ್ದವೇನೂ ಬರಲಿಲ್ಲ. ಟಕ್ ಅಂತ ಒಂದು ಸಲ, ಅಷ್ಟೇ. ನೋಡಿದರೆ ನಾನು ಸ್ಪ್ಯಾನರ್ ಸಮೇತ ರಸ್ತೆ ಪಕ್ಕದ ಹುಲ್ಲಿನ ಮೇಲೆ ಕೂತಿದ್ದೆ.

ಜೀಪು ದೊಡ್ಡಪ್ಪನದು. ನನಗಿಂತ ವಯಸ್ಸಾದದ್ದು. ದೊಡ್ಡಪ್ಪ ಬಾಗೇಪಲ್ಲಿಯಲ್ಲಿರುವ ಮಗಳ ಮನೆಗೆ ಹೋಗಿದ್ದರು, ಬರುವುದು ಭಾನುವಾರ. ಫೋನಿನಲ್ಲಿ ಕೇಳಿ, ಹಸುಗಳಿಗೆ ಬೂಸಾ ತರಲು ಗಾಡಿ ತೆಗೆದಿದ್ದೆ. ನಂದಿ ದಾಟುತ್ತಿದ್ದ ಹಾಗೆ ಹಿಂದಿನ ಎಡಗಡೆ ಚಕ್ರ ಪಂಕ್ಚರ್.

ಸ್ಟೆಪ್ನಿ ಇತ್ತು, ಜಾಕ್ ಇತ್ತು... ಬುದ್ಧಿ ಒಂದು ಇರಲಿಲ್ಲ.

ನಟ್ಟು ಬಿಚ್ಚಲು ಎಲ್ಲರ ಹಾಗೆ ಎಡಕ್ಕೆ ತಿರುಗಿಸಿದೆ. ಜಗ್ಗಲಿಲ್ಲ. ಸ್ಪ್ಯಾನರಿಗೆ ಒಂದು ಪೈಪು ಸಿಕ್ಕಿಸಿ ಅದರ ಮೇಲೆ ಹತ್ತಿ ನಿಂತೆ. ಬೋಲ್ಟಿನ ತುದಿ ನಟ್ಟಿನ ಸಮೇತ ಮುರಿದುಕೊಂಡು ಬಂತು.

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಯುಗಾದಿಗೆ ಎಲ್ಲರೂ ಊಟಕ್ಕೆ ಕೂತಿದ್ದಾಗ, ಆ ಜೀಪನ್ನು ಗುಜರಿಗೆ ಹಾಕಿ ಅಂದವನು ನಾನೇ.

"ಸಾಮಾನು ಸಿಗದೆ ನಿಂತ ದಿನ ಹಾಕ್ತೀನಿ ಬಿಡಪ್ಪ" ಅಂದಿದ್ದರು ದೊಡ್ಡಪ್ಪ. ಆಮೇಲೆ ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಅದಾದ ಮೇಲೆ ಮೊದಲ ಸಲ ಕೀ ಮುಟ್ಟಲು ಬಿಟ್ಟಿದ್ದು ಅವತ್ತೇ.

ಈಗ ಬೇಕಂತಲೇ ಮುರಿದ ಅಂದುಕೊಂಡರೆ? ಗಾಡಿಯ ಚಿಂತೆ ಆಮೇಲಿನದು. ನನಗೆ ಭಯವಾಗಿದ್ದು ಆ ಒಂದು ಮಾತಿಗೆ.

ಮುರಿದ ತುಂಡನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋದೆ. ಸ್ಪೇರ್ ಪಾರ್ಟ್ಸ್ ಅಂಗಡಿಯವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಉಲ್ಟಾ ಥ್ರೆಡ್ ಸಾರ್ ಇದು. ಈ ಹಳೆ ಜೀಪಲ್ಲಿ ಎಡಗಡೆ ಚಕ್ರದ್ದು ಬಲಕ್ಕೆ ತಿರುಗಿಸಿದ್ರೇನೇ ಬಿಚ್ಕೊಳ್ಳೋದು. ನೀವು ಬಿಚ್ತಾ ಇರ್ಲಿಲ್ಲ, ಇನ್ನೂ ಬಿಗಿ ಮಾಡ್ತಾ ಇದ್ರಿ."

ಬೋಲ್ಟು ಅವರಲ್ಲಿ ಇರಲಿಲ್ಲ. ವಾಪಸ್ ಬಂದು ಉಳಿದ ನಾಲ್ಕನ್ನು ಬಲಕ್ಕೆ ತಿರುಗಿಸಿದೆ. ಸಲೀಸಾಗಿ ಬಂದವು. ಸ್ಟೆಪ್ನಿ ಹಾಕಿ, ನಾಲ್ಕೇ ಬೋಲ್ಟಿನಲ್ಲಿ ಮೆಲ್ಲಗೆ ಮನೆ ಸೇರಿದೆ. ಅವತ್ತು ಗುರುವಾರ.

ಶುಕ್ರವಾರ ಆಫೀಸಿಗೆ ರಜೆ ಹಾಕಿ ಗೌರಿಬಿದನೂರಿಗೆ ಹೋದೆ. ಅಲ್ಲಿ ಒಬ್ಬರು ಲೇತ್ ಇಟ್ಟುಕೊಂಡಿದ್ದಾರೆ, ಏನು ಬೇಕಾದರೂ ಕಡೆದುಕೊಡುತ್ತಾರೆ ಅಂತ ಕೇಳಿದ್ದೆ. ಅವರು ಮಾತ್ರ ತುಂಡನ್ನು ನೋಡಿ ತಲೆ ಅಲ್ಲಾಡಿಸಿದರು. "ಗೇಟಿಗೆ ಅಂದ್ರೆ ಈಗ್ಲೇ ಮಾಡ್ಕೊಡ್ತೀನಿ. ಚಕ್ರಕ್ಕೆ ನಾನು ಮಾಡಲ್ಲ. ಇದು ಜೀವ ಹೊರೋ ಬೋಲ್ಟು."

ಬೇಜಾರಾಯಿತು. ಆದರೆ ಆ ಮನುಷ್ಯನ ಮೇಲೆ ಗೌರವವೂ ಬಂತು.

ಶನಿವಾರ ಶಿಡ್ಲಘಟ್ಟ. ರೇಷ್ಮೆ ಗೂಡು ಸಾಗಿಸುವ ಟೆಂಪೋ ಕೆಳಗೆ ಮಲಗಿದ್ದ ಮೆಕ್ಯಾನಿಕ್ ಅಲ್ಲಿಂದಲೇ ಹೇಳಿದರು, ಎಲ್ಲ ಬೋಲ್ಟೂ ತೆಗೆದು ಮಾಮೂಲಿ ಥ್ರೆಡ್ಡಿನದು ಹಾಕಿಬಿಡಿ ಅಂತ. ಸುಲಭದ ದಾರಿ. ಎಲ್ಲರೂ ಅದನ್ನೇ ಮಾಡಿಸಿಕೊಂಡಿದ್ದಾರಂತೆ.

ಆದರೆ ದೊಡ್ಡಪ್ಪ ಕತ್ತಲಲ್ಲೂ ಎಡಗಡೆ ಚಕ್ರವನ್ನು ಬಲಕ್ಕೆ ತಿರುಗಿಸುವವರು. ಅವರ ಕೈ ಅಭ್ಯಾಸವನ್ನು ಬದಲಾಯಿಸುವುದು ಯಾರು? ಬೇಡ ಅಂದೆ. "ಹಂಗಾದ್ರೆ ಚಿಂತಾಮಣಿಗೆ ಹೋಗಿ" ಅಂದು, ಮೆಕ್ಯಾನಿಕ್ ಒಬ್ಬರು ಮುದುಕರ ಶೆಡ್ಡಿನ ಗುರುತು ಹೇಳಿದರು. ಅವತ್ತೇ ಹೋದೆ.

ಶೆಡ್ಡಿನ ಹಿಂದೆ ಹೊಂಗೆ ಮರ, ಅದರ ಕೆಳಗೆ ಚಕ್ರವಿಲ್ಲದ ಒಂದು ಜೀಪು. ಒಳಗೆ ಕೋಳಿಗಳು. ಡ್ರೈವರ್ ಸೀಟಿನಲ್ಲಿ ಒಂದು ಹೇಂಟೆ ಕಾವಿಗೆ ಕೂತಿತ್ತು.

ಮುದುಕರು ನನ್ನ ತುಂಡನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದರು. ಮೊದಲು, ಅವರಿವರ ಕೈಯಿಂದ ಹತ್ತಿದ್ದ ಗ್ರೀಸು ಹೋಯಿತು. ಆಮೇಲೆ ಕೆಂಪಗೆ ಏನೋ ಬರತೊಡಗಿತು... ಕುಂಕುಮ. ಅದರಡಿ ಅರಿಶಿನ. ಅದರಡಿ ಮತ್ತೆ ಕುಂಕುಮ. ಎಲ್ಲದರ ಕೆಳಗೆ, ಬೋಲ್ಟಿನ ಮೂತಿಯ ಮೇಲೆ, ಇಂಗ್ಲಿಷಿನ ಎಲ್ ಅಕ್ಷರ ಒತ್ತಿತ್ತು.

"ಚೂಡು ನಾಯನಾ" ಅಂದರು, ನೋಡಪ್ಪಾ ಅಂತ ತೆಲುಗಿನಲ್ಲಿ. "ಇದು ಎಡಗಡೇದು, ಉಲ್ಟಾ ತಿರುಗ್ಸು ಅಂತ ಬರ್ದೇ ಕಳ್ಸವ್ರೆ. ಮೇಲೆ ಬೊಟ್ಟು ಇಟ್ಟೋರು ಯಾರು?"

ನಮ್ಮ ಮನೆಯಲ್ಲಿ ಆಯುಧಪೂಜೆ ದಿನ ಜೀಪಿನ ಪ್ರತಿಯೊಂದು ಬೋಲ್ಟಿಗೂ ಬೊಟ್ಟು ಇಡುವ ಕೆಲಸ ನನ್ನದು. ಚಿಕ್ಕಂದಿನಿಂದಲೂ. ಒಂದನ್ನೂ ಬಿಟ್ಟವನಲ್ಲ.

ಅವರು ಕೋಳಿಗಳನ್ನು ಓಡಿಸಿ, ಆ ಜೀಪಿನ ಎಡಗಡೆಯಿಂದ ಒಂದು ಬೋಲ್ಟನ್ನು ಸುತ್ತಿಗೆಯಿಂದ ಬಡಿದು ತೆಗೆದರು. ಜೊತೆಗೆ ಅದರ ನಟ್ಟು. ಹೇಂಟೆ ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

ಭಾನುವಾರ ಬೆಳಿಗ್ಗೆ ನಮ್ಮೂರಿನ ಮೆಕ್ಯಾನಿಕ್ ಅದನ್ನು ಕೂರಿಸಿಕೊಟ್ಟರು. ಮಧ್ಯಾಹ್ನ ದೊಡ್ಡಪ್ಪ ಬಂದರು.

ಕಾಲು ತೊಳೆಯುವ ಮೊದಲೇ ಜೀಪಿನ ಸುತ್ತ ಒಂದು ಸುತ್ತು ಹಾಕುವುದು ಅವರ ಪದ್ಧತಿ. ಹಿಂದಿನ ಎಡಗಡೆ ಚಕ್ರದ ಹತ್ತಿರ ನಿಂತುಬಿಟ್ಟರು. ನಾಲ್ಕು ಬೋಲ್ಟು ಕೆಂಪಗಿವೆ, ಒಂದು ಬೋಳಾಗಿದೆ. ಅದು ನನಗೆ ಹೊಳೆದೇ ಇರಲಿಲ್ಲ.

"ಉಲ್ಟಾ ತಿರುಗಿಸಿದ್ಯೇನೋ?"

"ಹೂಂ ದೊಡ್ಡಪ್ಪ."

"ಎಲ್ ಅಂತ ಬರ್ದೈತಲ್ಲೋ, ಕಾಣ್ಲಿಲ್ವಾ?"

"ಕುಂಕುಮ ಇತ್ತು."

"ಯಾರಿಟ್ಟಿದ್ದು?"

"...ನಾನೇ."

ನಗಲಿಲ್ಲ. ಬಗ್ಗಿ ಬೋಲ್ಟಿನ ಮೇಲೆ ಬೆರಳು ಆಡಿಸಿದರು. "ಎಲ್ಲಿ ಸಿಕ್ತು?"

ಚಿಂತಾಮಣಿ ಅಂದೆ. ಮೂರು ದಿನ ಅಲೆದದ್ದನ್ನೂ, ನಾನು ಬೇಕಂತ ಮುರಿಯಲಿಲ್ಲ ಅನ್ನುವುದನ್ನೂ ಒಂದೇ ಉಸಿರಿಗೆ ಹೇಳಿದೆ.

"ಗುಜರಿಗೆ ಹಾಕೋ ಗಾಡಿಗೆ ಯಾರೂ ಚಿಂತಾಮಣಿಗಂಟ ಹೋಗಲ್ಲ ಕಣಪ್ಪ" ಅಂದರು. ಕಾಲು ತೊಳೆಯಲು ಹೋದರು. ಕೀ ವಾಪಸ್ ಕೇಳಲಿಲ್ಲ.

ಈಗಲೂ ಅದು ನನ್ನ ಹತ್ತಿರವೇ ಇದೆ. ಉಳಿದ ನಾಲ್ಕು ಬೋಲ್ಟುಗಳನ್ನೂ ಒರೆಸಿಟ್ಟಿದ್ದೇನೆ. ಈ ಸಲದ ಬೊಟ್ಟು ಅಕ್ಷರದ ಪಕ್ಕಕ್ಕೆ.

ನಿಮ್ಮ ಮನೆಯಲ್ಲೂ ವರ್ಷ ವರ್ಷ ಕೈಮುಗಿದು, ಒಂದು ಸಲವೂ ಓದಿ ನೋಡದ ವಸ್ತು ಯಾವುದಾದರೂ ಇದೆಯಾ?