ಬೂದಿ ಮರಿ ಒಣಗುವವರೆಗೆ

ಬೆಳಕು ಇನ್ನೂ ಕಿಟಕಿಯ ಹತ್ತಿರ ಸುಳಿದಿಲ್ಲ. ಹೊಲಿಗೆ ಮಿಷನ್ನಿನ ಪಕ್ಕದ ಕಾವುಪೆಟ್ಟಿಗೆಯ ಗಾಜಿಗೆ ಮೂಗು ತಾಗಿಸಿಕೊಂಡು ದಾರದಕ್ಕ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಒಳಗೆ, ಬಲ್ಬಿನ ಕೆಳಗೆ, ಮಸಿ ಚಿಮುಕಿಸಿದಂಥ ಚುಕ್ಕೆಗಳ ಆರು ಪುಟ್ಟ ಮೊಟ್ಟೆ. ಒಂದರ ಚಿಪ್ಪು ಬಿರಿದಿದೆ. ಕೊಕ್ಕಿನ ತುದಿ ಆಡುತ್ತದೆ, ನಿಲ್ಲುತ್ತದೆ. ಅದು ನಿಂತಾಗಲೆಲ್ಲ ಇವರ ಉಸಿರೂ ನಿಲ್ಲುತ್ತದೆ.

"ಮುಚ್ಚಳ ತೆಗೆದು ಒಂಚೂರು ಬಿಡಿಸಿಕೊಡಬಾರದೇನೇ?" ಹಿಂದಿನಿಂದ ಅತ್ತೆಯ ದನಿ.

"ಬೇಡ ಅತ್ತೆ. ಗಾಳಿ ತಾಗಿದ್ರೆ ಒಳಗಿನ ಪೊರೆ ಒಣಗಿ ಮರಿಗೆ ಅಂಟ್ಕೊಳ್ಳುತ್ತೆ."

"ನನ್ನ ಕೈ ಸುಮ್ಮನಿರಲ್ಲ ಕಣೇ."

"ನಿಮ್ಮ ಕೈ ಮಾಡಿದ್ದೇ ಸಾಕು."

ಮಾತು ಜಾರಿದ ಮೇಲೆ ದಾರದಕ್ಕ ತುಟಿ ಕಚ್ಚಿಕೊಳ್ಳುತ್ತಾರೆ. ಅತ್ತೆ ಗೋಡೆಗೆ ಒರಗುತ್ತಾರೆ.

ಹಗಲೆಲ್ಲ ಊರವರ ಬಟ್ಟೆ ಹೊಲಿಯುವ ದಾರದಕ್ಕ, ಹಿಂದಿನ ಕೋಣೆಯಲ್ಲಿ ಅರವತ್ತು ಚಿಲ್ಲರೆ ಗೌಜಲಕ್ಕಿ ಸಾಕಿದ್ದಾರೆ. ಮಾಂಸಕ್ಕಲ್ಲ, ಪುಕ್ಕದ ಬಣ್ಣಕ್ಕೆ. ಪ್ರತಿ ಹಕ್ಕಿಯ ಕಾಲಿಗೂ ಹೊಲಿದುಳಿದ ದಾರ: ಒಂದು ಎಳೆ ಅಪ್ಪನ ಕಡೆಯದು, ಒಂದು ಅಮ್ಮನ ಕಡೆಯದು. ಬೀದಿಯವರು ಇಟ್ಟ ಹೆಸರೂ ಅದರಿಂದಲೇ ಬಂದದ್ದು.

"ಪುಕ್ಕ ಕಿತ್ತರೆ ಎಲ್ಲಾ ಒಂದೇ ಅಲ್ವೇನಕ್ಕಾ?" ಎಂದು ಮೂಲೆಯ ಮಾಂಸದಂಗಡಿಯವನು ಹಲ್ಲು ಕಿರಿಯುತ್ತಾನೆ. ಸಾಕುಹಕ್ಕಿಯ ಅಂಗಡಿಯವನೋ, ಇವರ ಹಕ್ಕಿಗಳನ್ನೇ ಎದುರಿಗಿಟ್ಟು 'ನಮ್ಮದೇ ತಳಿ' ಎಂದು ಬೋರ್ಡು ಬರೆಸಿದ್ದಾನೆ. ನಾಚಿಕೆ ಅನ್ನೋದು ಅವನ ಅಂಗಡಿಯಲ್ಲಿ ಸ್ಟಾಕಿಲ್ಲ. ಕಾಯಿ ತಾನಾಗಿ ಎಲೆಯ ಮರೆಗೆ ಹೋಗುವುದಿಲ್ಲ. ಹೀಗೆ ಯಾರಾದರೂ ಎಲೆ ಹೊದಿಸುತ್ತಾರೆ.

ದಾರದಕ್ಕನಿಗೆ ಎಲ್ಲಕ್ಕಿಂತ ಹತ್ತಿರದ್ದು ಬೂದಿ ಬಣ್ಣ. ವರ್ಷಗಳ ಹಿಂದೆ, ಎರಡು ಕಂದು ಹಕ್ಕಿಗಳಿಗೆ, ಕಂದು ಮರಿಗಳ ಬೆನ್ನಿಗಿರುವ ಗೆರೆಯೇ ಇಲ್ಲದ ಒಂದು ಬೂದಿ ಮರಿ ಹುಟ್ಟಿತು. ಮನೆಯವರೆಲ್ಲ ಕಾಯಿಲೆ ಅಂದರು. ದಾರಗಳನ್ನು ಹಿಂದಕ್ಕೆ ಹಿಂದಕ್ಕೆ ಹಿಡಿದು ಹೋದಾಗ ಅಪ್ಪ ಅಮ್ಮ ಇಬ್ಬರೂ ಒಂದೇ ಅಜ್ಜಿಯ ಮೊಮ್ಮಕ್ಕಳೆಂದು ಗೊತ್ತಾಯಿತು. ಬಣ್ಣ ಎರಡೂ ಕಡೆಯಿಂದ ಬಂದರೆ ಮೈಮೇಲೆ ಕಾಣುತ್ತದೆ, ಒಂದೇ ಕಡೆಯಿಂದ ಬಂದರೆ ಒಳಗೇ ಕೂತಿರುತ್ತದೆ. ಅತ್ತೆಗೆ ಇದರಲ್ಲಿ ಸೋಜಿಗವೇನೂ ಕಾಣಲಿಲ್ಲ. "ನಿನ್ನ ಗಂಡನ ಮೂಗು ನಮ್ಮಪ್ಪಂದು ಕಣೇ. ನಡುವೆ ನನಗಿದೆಯಾ ಆ ಮೂಗು?"

ಬಣ್ಣ ಉಳಿಸಲು ದಾರದಕ್ಕ ಅಣ್ಣ-ತಂಗಿ ಹಕ್ಕಿಗಳನ್ನೇ ಜೊತೆ ಮಾಡುತ್ತ ಬಂದರು. ಬಣ್ಣ ಉಳಿಯಿತು, ಹಕ್ಕಿಗಳು ಸೊರಗಿದವು. ಕೆಲವು ಮರಿ ಚಿಪ್ಪಿನೊಳಗೇ ಸಾಯುತ್ತಿದ್ದವು, ಕೆಲವಕ್ಕೆ ಬೆರಳು ಸೊಟ್ಟ. "ಹೊರಗಿನ ಗಂಡು ಬಿಡಬೇಕು ಅಂತ ಗೊತ್ತಿತ್ತು. ಬಿಟ್ರೆ ಆ ಸಲ ಹುಟ್ಟೋದೆಲ್ಲ ಗೆರೆ ಮರಿ. ಬೂದಿ ಕಣ್ಣಿಗೆ ಕಾಣದೆ ಒಂದು ತಲೆಮಾರು ಕಾಯಬೇಕು. ಧೈರ್ಯ ಸಾಲಲಿಲ್ಲ. ಮುಂದಿನ ಸಲ, ಮುಂದಿನ ಸಲ ಅಂದ್ಕೊಂಡೇ ಬಂದೆ," ಎನ್ನುತ್ತಾರೆ ದಾರದಕ್ಕ.

ಕೊನೆಗೆ ಬೂದಿಯಲ್ಲಿ ಉಳಿದದ್ದು ಒಂದೇ ಜೋಡಿ. ಗೌಜಲಕ್ಕಿ ಬೆಚ್ಚಿದರೆ ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಅದಕ್ಕೇ ಪಂಜರಗಳ ಚಾವಣಿಗೆಲ್ಲ ದಾರದಕ್ಕ ಹತ್ತಿ ತುಂಬಿದ ಬಟ್ಟೆ ಹೊಲಿದಿದ್ದಾರೆ. ಆ ಬಟ್ಟೆಯನ್ನು ಒಗೆಯಲು ಬಿಚ್ಚಿದ ಮಧ್ಯಾಹ್ನವೇ ಬೀದಿಯಲ್ಲಿ ಲಾರಿಯ ಟಯರ್ ಸಿಡಿಯಿತು. ಬೂದಿ ಗಂಡು ತಲೆ ಒಡೆದುಕೊಂಡು ಸತ್ತಿತು. ಹೆಣ್ಣು ಮೂಲೆ ಹಿಡಿಯಿತು. ಮಾರನೆಯ ದಿನ ದಾರದಕ್ಕ ಹೊಲಿದ ಬಟ್ಟೆ ಕೊಡಲು ಹೊರಗೆ ಹೋದಾಗ ಅತ್ತೆ ಪಕ್ಕದ ಪಂಜರದ ಕಂದು ಗಂಡನ್ನು ಎತ್ತಿ ಅದರ ಜೊತೆ ಬಿಟ್ಟರು.

"ಗಂಡ ಸತ್ತ ಮೇಲೆ ಒಬ್ಬಳೇ ಗೋಡೆ ನೋಡ್ಕೊಂಡು ಕೂರೋದು ಏನೂಂತ ನನಗೆ ಗೊತ್ತು," ಎನ್ನುತ್ತಾರೆ ಅತ್ತೆ. "ಮಾತಿಗೊಬ್ಬ ಇರಲಿ ಅಂತ ಬಿಟ್ಟೆ. ಆ ಮುಂಡೇದು ಅಷ್ಟು ಬೇಗ ಸಂಸಾರ ಹೂಡುತ್ತೆ ಅಂತ ನಾನೇನು ಕನಸು ಕಂಡಿದ್ನಾ?"

ಸತ್ತ ಗಂಡಿನ ಬೀಜ ಹೆಣ್ಣಿನೊಳಗೆ ಕೆಲವು ದಿನ ಉಳಿಯುತ್ತದೆ. ಹಾಗಾಗಿ ಆಮೇಲೆ ಇಟ್ಟ ಈ ಆರರಲ್ಲಿ ಯಾವುದು ಯಾರದೋ. ಇವುಗಳ ನಂತರ ಮುದಿ ಹೆಣ್ಣು ಮೊಟ್ಟೆಯನ್ನೇ ಇಟ್ಟಿಲ್ಲ. ಬೂದಿಯ ಪಾಲಿಗೆ ಇನ್ನು ಇವೇ ಗತಿ.

ಮೊದಲ ಮರಿ ಉರುಳಿಕೊಂಡು ಹೊರಬರುತ್ತದೆ. ಒದ್ದೆ ಮರಿ ಯಾವ ಬಣ್ಣದ್ದಾದರೂ ಕಪ್ಪಗೇ ಕಾಣುತ್ತದೆ, ಒಣಗುವವರೆಗೆ ಕಾಯಲೇಬೇಕು. ಎರಡು, ಮೂರು, ನಾಲ್ಕು. ದಾರದಕ್ಕ ಸುಮ್ಮನಿರಲಾಗದೆ ಸೂಜಿಗೆ ದಾರ ಪೋಣಿಸಲು ನೋಡುತ್ತಾರೆ. ಸೂಜಿಯ ಕಣ್ಣೇ ಸಿಗುವುದಿಲ್ಲ.

ಮೊದಲನೆಯದು ಒಣಗಿತು. ಬೆನ್ನ ಮೇಲೆ ಗೆರೆ. ಎರಡನೆಯದಕ್ಕೂ ಗೆರೆ. ಮೂರನೆಯದಕ್ಕೂ. ಸೂಜಿ ಕೆಳಗೆ ಬೀಳುತ್ತದೆ.

ನಾಲ್ಕನೆಯದು ಬೂದಿ.

"ಬಂತಲ್ಲೇ!" ಎಂದು ಅತ್ತೆ ಕೂಗಿಯೇಬಿಡುತ್ತಾರೆ. ದಾರದಕ್ಕನ ಕಣ್ಣು ಮರಿಯ ಕಾಲ ಮೇಲಿದೆ. ಮರಿ ಏಳಲು ನೋಡಿ ಮಗುಚುತ್ತದೆ. ಬೆರಳುಗಳು ಒಳಕ್ಕೆ ಮಡಚಿಕೊಂಡಿವೆ. ಗೆರೆ ಮರಿಗಳು ಅದನ್ನೇ ತುಳಿದುಕೊಂಡು ಓಡಾಡುತ್ತಿವೆ. ಉಳಿದೆರಡು ಮೊಟ್ಟೆಗಳನ್ನು ಕಿವಿಗೆ ಹಿಡಿದರೆ ಸದ್ದಿಲ್ಲ.

ದಾರದಕ್ಕ ಬೂದಿ ಮರಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅಂಟುಪಟ್ಟಿ ಸುತ್ತುತ್ತಾರೆ. ಅತ್ತೆ ಹತ್ತಿರ ಬಂದು ಕೂರುತ್ತಾರೆ. "ನಾನೇ ಹಾಳ್ಮಾಡ್ದೆ ಕಣೇ."

"ಇದು ಉಳಿಯೋದು ಅನುಮಾನ ಅತ್ತೆ. ಉಳಿದ್ರೆ ಸಾಕು ಅಂತಿದೀನಿ, ಇನ್ನೇನೂ ಬೇಡ. ಆದ್ರೆ ಆ ಮೂರನ್ನ ನೋಡಿ, ಕಾಲು ಎಷ್ಟು ಗಟ್ಟಿ. ಅವುಗಳೊಳಗೂ ಅಮ್ಮನ ಬೂದಿ ಇದೆ. ನಾನು ಹೆದರಿ ಕೂತಿದ್ದನ್ನ ನೀವು ಮಾಡಿಬಿಟ್ರಿ."

"ಹೊಗಳ್ತಿದೀಯೋ ಬೈತಿದೀಯೋ?"

"ಎರಡೂ."

ದಾರದಕ್ಕ ಬೂದಿ ದಾರದ ಎಳೆಯೊಂದನ್ನು, ಕಂದು ದಾರದ ಎಳೆಯೊಂದನ್ನು ಕತ್ತರಿಸಿ ಹೊಸೆದು ಅತ್ತೆಯ ಅಂಗೈಗೆ ಹಾಕುತ್ತಾರೆ. ಗೆರೆ ಮರಿಯೊಂದನ್ನು ಎತ್ತಿ ಅದರ ಕಾಲು ಹಿಡಿದು ಮುಂದೆ ಚಾಚುತ್ತಾರೆ.

"ಸಡಿಲವಾಗಿ ಕಟ್ಟಿ ಅತ್ತೆ. ಕಾಲು ಬೆಳೆಯುತ್ತೆ."